ಪಾಸ್ಟ್ ಟೆನ್ಸ್‌ಗೆ ಮುಂಚೆ ಬರುವ ಅಡ್ವರ್ಬ್‌ಗಳು

‘ಹಿ ವರ್ಕ್ಡ್ ಹಾರ್ಡ್’ ಅಂದರೆ ಅವನು ಕಷ್ಟಪಟ್ಟು ಕೆಲಸ ಮಾಡಿದ. ‘ಹಿ ಹಾರ್ಡ್ಲಿ ವರ್ಕ್ಡ್’ ಅಂದರೆ ಅವನು ಕೆಲಸ ಅಂತ ಮಾಡಿದ್ದೇ ಅಪರೂಪ. ಮೊದಲನೆಯದು ಹೊಗಳಿಕೆ, ಎರಡನೆಯದು ದೂರು. ಯಾರದೋ ಕೆಲಸದ ಬಗ್ಗೆ ಬರೆಯುವಾಗ ಒಂದರ ಬದಲು ಇನ್ನೊಂದು ಬಿದ್ದರೆ ಅವರ ಕಥೆ ಮುಗಿದಂತೆಯೇ.

ಒಂದು ಕೆಲಸ ಹೇಗೆ ನಡೆಯಿತು, ಯಾವಾಗ ನಡೆಯಿತು, ಎಷ್ಟು ಸಲ, ಎಷ್ಟರ ಮಟ್ಟಿಗೆ ನಡೆಯಿತು ಅಂತ ತಿಳಿಸುವ ಪದವೇ ಅಡ್ವರ್ಬ್, ಅಂದರೆ ಕ್ರಿಯಾವಿಶೇಷಣ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವುದರಿಂದ ಇದರ ಜಾಗದ ಬಗ್ಗೆ ನಾವು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಇರುತ್ತದೆ. ಹಾಗಾಗಿ ಅಡ್ವರ್ಬ್ ಅದಕ್ಕೆ ಮುಂಚೆ ಬರಬೇಕೋ, ಆಮೇಲೆ ಬರಬೇಕೋ ಅನ್ನುವ ಪ್ರಶ್ನೆ ಏಳುತ್ತದೆ. ಕರ್ತೃವಿಗೂ ಭೂತಕಾಲದ ಕ್ರಿಯಾಪದಕ್ಕೂ ನಡುವಿನ ಆ ಜಾಗದ ಬಗ್ಗೆಯೇ ಇಲ್ಲಿ ಮಾತು.

ಕೆಲವು ಅಡ್ವರ್ಬ್‌ಗಳಿಗೆ ಆ ಜಾಗ ಸ್ವಂತ ಮನೆ ಇದ್ದಂತೆ. ಎಷ್ಟು ಸಲ ಅಂತ ಹೇಳುವ ಆಲ್ವೇಸ್, ಆಫನ್, ಯೂಶುವಲಿ, ರೇರ್ಲಿ, ನೆವರ್ ಇವೆಲ್ಲ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ‘ಶಿ ಆಲ್ವೇಸ್ ಕೇಮ್ ಅರ್ಲಿ’, ‘ದೇ ಆಫನ್ ಫಾಟ್’, ‘ಐ ನೆವರ್ ಸಾ ಹಿಮ್’. ಇದರಲ್ಲಿ ನೆವರ್ ಕಡೆ ಸ್ವಲ್ಪ ಗಮನ ಬೇಕು. ಅದರೊಳಗೇ ‘ಇಲ್ಲ’ ಸೇರಿಕೊಂಡಿದೆ, ಆದರೂ ಕ್ರಿಯಾಪದದ ರೂಪ ಮಾತ್ರ ಭೂತಕಾಲದಲ್ಲೇ ಉಳಿಯುತ್ತದೆ. ‘ಡಿಡ್ ನಾಟ್’ ಅಭ್ಯಾಸದಲ್ಲಿ ‘ಐ ನೆವರ್ ಸೀ ಹಿಮ್’ ಅಂದುಬಿಟ್ಟರೆ, ನಾನು ಅವನನ್ನು ನೋಡುವುದೇ ಇಲ್ಲ ಅಂತ ಇವತ್ತಿನ ಮಾತಾಗುತ್ತದೆ. ‘ಐ ಡಿಡ್ ನೆವರ್ ಸಾ’ ಅಂತೂ ಪೂರ್ತಿ ತಪ್ಪು.

ಆಲ್ಮೋಸ್ಟ್, ನಿಯರ್ಲಿ ಕೂಡ ಇದೇ ಜಾಗದವು, ಆದರೆ ಇವು ಸ್ವಲ್ಪ ತುಂಟ ಪದಗಳು. ‘ಐ ಆಲ್ಮೋಸ್ಟ್ ಫೆಲ್’ ಅನ್ನುವಲ್ಲಿ ಫೆಲ್ ಭೂತಕಾಲವೇ, ಆದರೆ ಬಿದ್ದದ್ದು ಯಾರೂ ಇಲ್ಲ. ಬಿದ್ದೇ ಬಿಡುತ್ತಿದ್ದೆ, ಹೇಗೋ ಉಳಿದುಕೊಂಡೆ ಅಂತ ಅರ್ಥ. ಕ್ರಿಯಾಪದ ಹೇಳಿದ್ದನ್ನು ಅದಕ್ಕೆ ಮುಂಚೆ ಬಂದ ಒಂದೇ ಪದ ರದ್ದು ಮಾಡಿತು, ಅಲ್ವಾ? ಅದೇ ಪದವನ್ನು ಒಂದು ಹೆಜ್ಜೆ ಆಚೆ ಇಟ್ಟು ನೋಡಿ. ‘ಐ ಆಲ್ಮೋಸ್ಟ್ ಲಾಸ್ಟ್ ಆಲ್ ಮೈ ಮನಿ’ ಅಂದರೆ, ಹಣವೆಲ್ಲ ಹೋಗೇಬಿಡುತ್ತಿತ್ತು, ಆದರೆ ಹೋಗಲಿಲ್ಲ. ‘ಐ ಲಾಸ್ಟ್ ಆಲ್ಮೋಸ್ಟ್ ಆಲ್ ಮೈ ಮನಿ’ ಅಂದರೆ, ಜಾಸ್ತಿ ಪಾಲು ಹೋಗೇಬಿಟ್ಟಿತು, ಚೂರುಪಾರು ಉಳಿದಿದೆ.

ಇನ್ನು ಈ ಜಾಗಕ್ಕೆ ಬರಲೇಬಾರದ ಪದಗಳು. ಫಾಸ್ಟ್, ಹಾರ್ಡ್, ವೆಲ್, ಅರ್ಲಿ, ಲೇಟ್ ಇವು ಕ್ರಿಯಾಪದ ಆದಮೇಲೆ ಬರುತ್ತವೆ. ‘ಹಿ ಫಾಸ್ಟ್ ರ‍್ಯಾನ್’ ಅಂತ ಯಾರೂ ಹೇಳುವುದಿಲ್ಲ, ‘ಹಿ ರ‍್ಯಾನ್ ಫಾಸ್ಟ್’ ಅನ್ನಬೇಕು. ಯೆಸ್ಟರ್ಡೇ, ಲಾಸ್ಟ್ ವೀಕ್ ಥರದ ಕಾಲ ಹೇಳುವ ಮಾತುಗಳೂ ಅಷ್ಟೆ. ‘ನಾನು ನಿನ್ನೆ ಹೋದೆ’ ಅನ್ನುವುದು ನಮಗೆ ಎಷ್ಟು ಸಹಜ ಅಂದರೆ, ‘ಐ ಯೆಸ್ಟರ್ಡೇ ವೆಂಟ್’ ಬಾಯಿಗೆ ತಾನಾಗಿಯೇ ಬಂದುಬಿಡುತ್ತದೆ. ಯೆಸ್ಟರ್ಡೇ ವಾಕ್ಯದ ತಲೆಗೋ ಬಾಲಕ್ಕೋ ಹೋಗಲಿ, ನಡುವೆ ಬೇಡ.

ಅರ್ಥದ ಆಟ ನಡೆಯುವುದು ಎರಡೂ ಕಡೆ ಬರಬಲ್ಲ ಪದಗಳಲ್ಲಿ. ಒಬ್ಬನನ್ನು ಪೊಲೀಸರು ವಿಚಾರಣೆಗೆ ಕರೆದಿದ್ದಾರೆ ಅಂದುಕೊಳ್ಳಿ. ಏನು ಕೇಳಿದರೂ ಬಾಯಿ ಬಿಡಬೇಡ ಅಂತ ವಕೀಲರು ಮೊದಲೇ ಹೇಳಿದ್ದಾರೆ. ಅವನು ಬಿಟ್ಟ. ಆಗ ‘ಹಿ ಫೂಲಿಶ್ಲಿ ಆನ್ಸರ್ಡ್ ದ ಕ್ವೆಶ್ಚನ್’ ಅನ್ನಬಹುದು. ಉತ್ತರ ಎಷ್ಟೇ ಜಾಣತನದ್ದಾಗಿರಲಿ, ಉತ್ತರ ಕೊಟ್ಟಿದ್ದೇ ದಡ್ಡತನ ಅಂತ ಇದರ ಅರ್ಥ. ಈಗ ಅಡ್ವರ್ಬನ್ನು ಕೊನೆಗೆ ಹಾಕಿ: ‘ಹಿ ಆನ್ಸರ್ಡ್ ದ ಕ್ವೆಶ್ಚನ್ ಫೂಲಿಶ್ಲಿ’. ಉತ್ತರ ಕೊಟ್ಟಿದ್ದಕ್ಕೆ ತಕರಾರಿಲ್ಲ, ಕೊಟ್ಟ ಉತ್ತರ ಪೆದ್ದುಪೆದ್ದಾಗಿತ್ತು. ಮುಂಚೆ ಬಂದಾಗ ಅದು ಮಾತಾಡುವವರ ಅಭಿಪ್ರಾಯ, ಕೊನೆಗೆ ಬಂದಾಗ ಕೆಲಸ ನಡೆದ ರೀತಿ. ವೈಸ್ಲಿ, ಕೈಂಡ್ಲಿ, ಕ್ಲೆವರ್ಲಿ ಇವೆಲ್ಲ ಇದೇ ಜಾತಿ. ಕ್ಲಿಯರ್ಲಿ ಕೂಡ. ‘ಶಿ ಸ್ಪೋಕ್ ಕ್ಲಿಯರ್ಲಿ’ ಅಂದರೆ ಅವಳ ಮಾತು ಸ್ಪಷ್ಟವಾಗಿತ್ತು. ‘ಶಿ ಕ್ಲಿಯರ್ಲಿ ಫರ್ಗಾಟ್’ ಅಂದರೆ, ಅವಳು ಮರೆತಳು ಅನ್ನುವುದು ಎದ್ದು ಕಾಣುತ್ತಿದೆ. ಸ್ಪಷ್ಟವಾಗಿ ಮರೆಯುವುದು ಅಂತ ಒಂದು ವಿಧಾನ ಇಲ್ಲವಲ್ಲ!

ಹಾಗಂತ ಎಲ್ಲ ಪದವೂ ಹೀಗೆ ಬಣ್ಣ ಬದಲಿಸುವುದಿಲ್ಲ. ‘ಹಿ ಕ್ವಿಕ್ಲಿ ಕ್ಲೋಸ್ಡ್ ದ ಡೋರ್’, ‘ಹಿ ಕ್ಲೋಸ್ಡ್ ದ ಡೋರ್ ಕ್ವಿಕ್ಲಿ’ ಎರಡೂ ಹೆಚ್ಚುಕಡಿಮೆ ಒಂದೇ. ಕೊನೆಗೆ ಬಂದಾಗ ಬೇಗ ಅನ್ನುವುದರ ಮೇಲೆ ಸ್ವಲ್ಪ ಜಾಸ್ತಿ ಒತ್ತು ಬೀಳುತ್ತದೆ, ಅಷ್ಟೆ. ಆದರೆ ‘ಹಿ ಕ್ಲೋಸ್ಡ್ ಕ್ವಿಕ್ಲಿ ದ ಡೋರ್’ ಬೇಡ. ಕ್ರಿಯಾಪದ ಮತ್ತು ಅದರ ಕರ್ಮದ ನಡುವೆ ಬೇರೆ ಪದ ನುಗ್ಗುವುದು ಇಂಗ್ಲಿಷಿಗೆ ಸಾಮಾನ್ಯವಾಗಿ ಸೇರದು. ಕ್ರಿಯಾಪದಕ್ಕೆ ಮುಂಚಿನ ಜಾಗ ಇಷ್ಟೊಂದು ಬಳಕೆಯಲ್ಲಿರುವುದಕ್ಕೆ ಇದೂ ಒಂದು ಕಾರಣ. ಕರ್ಮ ಉದ್ದವಾಗಿದ್ದರೆ ಅಡ್ವರ್ಬ್ ಕೊನೆ ಮುಟ್ಟುವಷ್ಟರಲ್ಲಿ ಓದುವವರಿಗೆ ಕ್ರಿಯಾಪದವೇ ಮರೆತಿರುತ್ತದೆ. ಅಂಥ ಕಡೆ ಮುಂಚೆ ಹಾಕುವುದೇ ವಾಸಿ.

ಭೂತಕಾಲದಲ್ಲಿದ್ದರೂ ವಾಸ್, ವರ್ ಮಾತ್ರ ಬೇರೆ ದಾರಿ ಹಿಡಿಯುತ್ತವೆ. ಅಲ್ಲಿ ಅಡ್ವರ್ಬ್ ಕ್ರಿಯಾಪದ ಆದಮೇಲೆ ಬರುತ್ತದೆ: ‘ಶಿ ವಾಸ್ ಆಲ್ವೇಸ್ ಲೇಟ್’. ‘ಶಿ ಆಲ್ವೇಸ್ ವಾಸ್’ ಅನ್ನುವುದೂ ಕಿವಿಗೆ ಬೀಳುತ್ತದೆ, ಆದರೆ ಅದು ‘ಅವಳು ಯಾವಾಗಲೂ ಹಾಗೇ’ ಅಂತ ಒತ್ತಿ ಹೇಳುವಾಗ. ಹ್ಯಾಡ್ ಥರದ ಸಹಾಯಕ ಕ್ರಿಯಾಪದ ಇದ್ದರೆ ಅದಾದ ಕೂಡಲೇ ಅಡ್ವರ್ಬ್: ‘ದ ಟ್ರೇನ್ ಹ್ಯಾಡ್ ಆಲ್ರೆಡಿ ಲೆಫ್ಟ್’. ಇಂಥವು ಎರಡಿದ್ದರೆ ಮೊದಲನೆಯದರ ಪಕ್ಕ: ‘ಇಟ್ ಹ್ಯಾಡ್ ನೆವರ್ ಬೀನ್ ಯೂಸ್ಡ್’. ಅಂದಹಾಗೆ, ಈಗಷ್ಟೇ ನೋಡಿದೆ ಅನ್ನುವುದಕ್ಕೆ ಅಮೆರಿಕದಲ್ಲಿ ‘ಐ ಜಸ್ಟ್ ಸಾ ಹರ್’ ಅಂತ ನೇರವಾಗಿ ಭೂತಕಾಲ ಬಳಸುತ್ತಾರೆ. ಬ್ರಿಟನ್ನಿನಲ್ಲಿ ಜಾಸ್ತಿ ರೂಢಿ ಇರುವುದು ‘ಐ ಹ್ಯಾವ್ ಜಸ್ಟ್ ಸೀನ್ ಹರ್’. ಎರಡರಲ್ಲಿ ಯಾವುದು ಸರಿ ಅಂತ ಜಗಳ ಆಡುವುದು ಸುಮ್ನೆ ಟೈಮ್ ವೇಸ್ಟ್.

‘ಡಿಡಂಟ್’ ಬಂದಾಗ ಇನ್ನೊಂದು ಸೂಕ್ಷ್ಮ ಇದೆ. ‘ಐ ರಿಯಲಿ ಡಿಡಂಟ್ ಲೈಕ್ ಇಟ್’ ಅಂದರೆ ನನಗೆ ಅದು ಖಂಡಿತ ಹಿಡಿಸಲಿಲ್ಲ. ‘ಐ ಡಿಡಂಟ್ ರಿಯಲಿ ಲೈಕ್ ಇಟ್’ ಅಂದರೆ, ಅಂಥಾ ಇಷ್ಟವೇನೂ ಆಗಲಿಲ್ಲ. ಎರಡನೆಯದು ಎದುರಿನವರಿಗೆ ನೋವಾಗದ ಹಾಗೆ ಹೇಳುವ ಮಾತು. ಪ್ರಾಬಬ್ಲಿ ಬಂದರೆ ಈ ಆಯ್ಕೆ ಇರುವುದಿಲ್ಲ. ಅದು ಡಿಡಂಟ್‌ಗೆ ಮುಂಚೆಯೇ ಬರಬೇಕು: ‘ಹಿ ಪ್ರಾಬಬ್ಲಿ ಡಿಡಂಟ್ ನೋ’.

ನೆವರ್, ರೇರ್ಲಿ, ಹಾರ್ಡ್ಲಿ ಎವರ್ ಇವನ್ನು ಒತ್ತು ಕೊಡಲು ವಾಕ್ಯದ ತಲೆಗೇ ತಂದರೆ ಕ್ರಿಯಾಪದ ಹಾಗೇ ಉಳಿಯುವುದಿಲ್ಲ. ‘ಹಿ ರೇರ್ಲಿ ಸ್ಪೋಕ್’ ಅನ್ನುವುದು ‘ರೇರ್ಲಿ ಡಿಡ್ ಹಿ ಸ್ಪೀಕ್’ ಆಗುತ್ತದೆ. ಭೂತಕಾಲದ ಗುರುತನ್ನು ಡಿಡ್ ತೆಗೆದುಕೊಳ್ಳುತ್ತದೆ, ಸ್ಪೋಕ್ ಹೋಗಿ ಸ್ಪೀಕ್ ಬರುತ್ತದೆ. ಬರವಣಿಗೆಯಲ್ಲಿ, ಭಾಷಣದಲ್ಲಿ ಇದು ಚೆಂದ. ದಿನದ ಮಾತಿನಲ್ಲಿ ಹೀಗೆ ಶುರು ಮಾಡಿದರೆ ಎದುರಿನವರು ಒಮ್ಮೆ ಮುಖ ನೋಡುತ್ತಾರೆ.