ಸ್ಪೀಡ್ ಕ್ಯಾಮೆರಾ ಗಾಡಿ ಒಂದೇ ಕಡೆ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಕುಂಬಳೆಯಿಂದ ಕಾಸರಗೋಡಿಗೆ ದಿನಾ ಕಾರಲ್ಲಿ ಹೋಗುವವನು ನಾನು. ಸ್ಪೀಡ್ ಹಿಡಿಯುವ ಕ್ಯಾಮೆರಾ ಇರುವ ಇಂಟರ್‌ಸೆಪ್ಟರ್ ಗಾಡಿ ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ. ಜೀವ ಉಳಿಸುವ ಉದ್ದೇಶವಾದರೆ ಎಲ್ಲರಿಗೂ ಗೊತ್ತಿರುವ ಜಾಗದಲ್ಲೇ ಇಡಬಹುದಲ್ವಾ? ಇದೆಲ್ಲ ಬರೀ ಫೈನ್ ವಸೂಲಿಗೆ ಅಲ್ವಾ ಮಾರಾಯ್ರೆ?

ಉತ್ತರ: ಗೊತ್ತಿರುವ ಜಾಗದಲ್ಲೇ ಇಟ್ಟರೆ ಏನಾಗುತ್ತದೆ ಎಂದು ದಿನಾ ಓಡಾಡುವ ನಿಮಗೇ ಗೊತ್ತಿರಬೇಕು. ಕ್ಯಾಮೆರಾ ಕಂಬ ಕಂಡಾಗ ಬ್ರೇಕ್, ದಾಟಿದ ಕೂಡಲೇ ಮತ್ತೆ ಆಕ್ಸಿಲರೇಟರ್. ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಇಡೀ ದಾರಿಯಲ್ಲಿ ಕಾಲು ಸ್ವಲ್ಪ ಹಿಡಿತದಲ್ಲಿರುತ್ತದೆ. ಗಾಡಿ ಜಾಗ ಬದಲಿಸುವುದು ಅದಕ್ಕೇ.

ಕೇರಳದಲ್ಲಿ 2023ರಲ್ಲಿ ಶುರುವಾದ 726 ಎಐ ಕ್ಯಾಮೆರಾಗಳ ಬಗ್ಗೆ ದೊಡ್ಡ ಗಲಾಟೆಯೇ ಆಯಿತು. ಆದರೆ ಅವುಗಳಲ್ಲಿ ಸ್ಪೀಡ್ ಹಿಡಿಯುವವು 8 ಮಾತ್ರ: 4 ಕಂಬದ ಮೇಲೆ, 4 ಗಾಡಿಯ ಮೇಲೆ. 675 ಕ್ಯಾಮೆರಾ ನೋಡುವುದು ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ಇಂಥವನ್ನು. ಹಾಗಾಗಿ ಕಂಬ ಕಂಡಲ್ಲೆಲ್ಲ ಬ್ರೇಕ್ ಒತ್ತುವವರು ಹೆಚ್ಚಿನ ಕಡೆ ಸುಮ್ನೆ ಒತ್ತುತ್ತಿದ್ದಾರೆ!

ಇನ್ನು, ಸ್ಪೀಡಿನ ಮೇಲೆ ಇಷ್ಟು ಕಣ್ಣು ಯಾಕೆ? ಒಂದು ಲೆಕ್ಕ ನೋಡಿ. ಇಬ್ಬರು ಅಕ್ಕಪಕ್ಕ ಹೋಗುತ್ತಿದ್ದಾರೆ, ಒಬ್ಬರು 60ರಲ್ಲಿ, ಇನ್ನೊಬ್ಬರು 80ರಲ್ಲಿ. ಎದುರಿಗೆ ಒಂದು ಮಗು ರಸ್ತೆಗೆ ಓಡಿ ಬಂತು. ಕಂಡು ಬ್ರೇಕ್ ಒತ್ತಲು ಇಬ್ಬರಿಗೂ ಒಂದು ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. ಒಣ ರಸ್ತೆ, ಒಳ್ಳೆಯ ಬ್ರೇಕ್. 60ರವರ ಕಾರು ಸುಮಾರು 37 ಮೀಟರಿಗೆ ನಿಲ್ಲುತ್ತದೆ. ಅದೇ ಜಾಗಕ್ಕೆ ಬರುವಾಗ 80ರವರ ಕಾರು ಇನ್ನೂ 60ಕ್ಕಿಂತ ಜಾಸ್ತಿ ವೇಗದಲ್ಲಿರುತ್ತದೆ. ವೇಗದಲ್ಲಿದ್ದ ವ್ಯತ್ಯಾಸ ಬರೀ 20. ಆದರೆ ಒಂದು ಕಡೆ ಮಗುವಿಗೆ ಏನೂ ಆಗುವುದಿಲ್ಲ, ಇನ್ನೊಂದು ಕಡೆ ಬದುಕುವುದೇ ಕಷ್ಟ. ಜೂನ್ ತಿಂಗಳ ಮಳೆಯಲ್ಲಿ ಈ ಲೆಕ್ಕ ಇನ್ನೂ ಕೆಡುತ್ತದೆ. ಸರಾಸರಿ ವೇಗ 1 ಶೇಕಡ ಏರಿದರೆ ಸಾವಿನ ಅಪಘಾತದ ಅಪಾಯ 4 ಶೇಕಡ ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ 71 ಶೇಕಡ ಸಾವುಗಳಿಗೆ ಸರಕಾರದ ವರದಿ ಕೊಟ್ಟ ಕಾರಣ ಅತಿವೇಗ.

ಕ್ಯಾಮೆರಾದಿಂದ ನಿಜಕ್ಕೂ ಪ್ರಯೋಜನ ಇದೆಯಾ? ಇದೆ. ಬೇರೆ ಬೇರೆ ದೇಶಗಳ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2010ರ ಒಂದು ಪರಿಶೀಲನೆಯ ಪ್ರಕಾರ, ಕ್ಯಾಮೆರಾ ಇಟ್ಟ ಜಾಗಗಳ ಸುತ್ತಮುತ್ತ ಸಾವು ಮತ್ತು ಗಂಭೀರ ಗಾಯದ ಅಪಘಾತಗಳು 11ರಿಂದ 44 ಶೇಕಡದವರೆಗೆ ಇಳಿದಿದ್ದವು. ಅಂತರ ಇಷ್ಟು ದೊಡ್ಡದಿರುವುದನ್ನು ಗಮನಿಸಿ. ಎಲ್ಲಿ ಇಟ್ಟರು, ಹೇಗೆ ನಡೆಸಿದರು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಸಿಟ್ಟಿನಲ್ಲಿ ಹುರುಳಿರುವುದೂ ಅಲ್ಲೇ. ಅಪಘಾತವೇ ಆಗದ ನೇರ ರಸ್ತೆಯ ಇಳಿಜಾರಿನ ಕೊನೆಗೆ ಗಾಡಿ ನಿಲ್ಲಿಸಿದರೆ ಫೈನ್ ಬೇಕಾದಷ್ಟು ಸಿಗುತ್ತದೆ, ಜೀವ ಉಳಿಯುವುದಿಲ್ಲ. ಜಾಗ ಬದಲಿಸುವುದು ಸರಿ, ಅಡಗಿ ಕೂರುವುದು ನನಗೂ ಸರಿ ಕಾಣುವುದಿಲ್ಲ. 2021ರ ಆಗಸ್ಟಿನಲ್ಲಿ ಬಂದ ಕೇಂದ್ರದ ನಿಯಮವೂ ಇಂಥ ಕ್ಯಾಮೆರಾ ಇರುವ ದಾರಿಯಲ್ಲಿ ಎಚ್ಚರಿಕೆಯ ಬೋರ್ಡ್ ಬೇಕು ಎನ್ನುತ್ತದೆ.

ನೀವು ಓಡಾಡುವ ದಾರಿಯೂ ಸೇರಿ, ತಲಪಾಡಿಯಿಂದ ಚೆಂಗಳದವರೆಗೆ ಹೈವೇ ಈಗ ಆರು ಲೇನ್. ಅಗಲ ರಸ್ತೆಯಿಂದ ಇಳಿದು ಸರ್ವಿಸ್ ರೋಡಿಗೆ ಬಂದವರ ಕಾಲು ಅದೇ ವೇಗಕ್ಕೆ ಒಗ್ಗಿರುತ್ತದೆ. ಶಾಲೆ ಮಕ್ಕಳು, ಬಸ್ಸಿಗೆ ಕಾಯುವವರು ಇರುವುದು ಅಲ್ಲೇ. ಜಿಲ್ಲಾ ಕಲೆಕ್ಟರ್ ಅಧ್ಯಕ್ಷರಾಗಿರುವ ರಸ್ತೆ ಸುರಕ್ಷಾ ಸಮಿತಿಯೊಂದು ಇದೆ. ಅಲ್ಲಿಗೆ ಒಂದು ಅರ್ಜಿ ಬರೆಯಿರಿ. ಕ್ಯಾಮೆರಾ ತೆಗೆಯಿರಿ ಎಂದಲ್ಲ, ನಿಮ್ಮೂರಲ್ಲಿ ಪದೇ ಪದೇ ಅಪಘಾತ ಆಗುವ ಜಾಗದ ಹೆಸರು ಬರೆದು, ಇಲ್ಲಿ ನಿಲ್ಲಿಸಿ ಎಂದು.