ಚುಕ್ಕೆ ಎಣಿಸುವ ಮೊದಲು ಫೋಟೊ ಸಮ ಮಾಡಿ

ವಾರಕ್ಕೊಬ್ಬರಾದರೂ ಪೆನ್‌ಡ್ರೈವ್ ಹಿಡಿದು ಶಿರಸಿಯ ನಮ್ಮ ಸ್ಟುಡಿಯೊ ಮೆಟ್ಟಿಲು ಹತ್ತುತ್ತಾರೆ. ಒಳಗೆ ಎರಡು ಡ್ರೋನಿನ ಎರಡು ರಾ ಫೈಲು, ಅಂದರೆ ಕ್ಯಾಮೆರಾ ಹಿಡಿದದ್ದನ್ನು ಹಾಗೇ ಉಳಿಸಿಕೊಂಡ ಫೋಟೊ. "ಅಣ್ಣಾ, ಯಾವುದರಲ್ಲಿ ನಾಯ್ಸ್ ಜಾಸ್ತಿ, ನೋಡಿ ಹೇಳಿ." ನಾಯ್ಸ್ ಅಂದರೆ ಫೋಟೊದಲ್ಲಿ ಕಾಣುವ ಬೇಡದ ಚುಕ್ಕೆ. ನಾನು ಕನ್ನಡಕ ಹಾಕಿಕೊಳ್ಳುವುದರೊಳಗೆ ಅವರೇ ಮೌಸ್ ಕಸಿದು, ನೂರು ಪರ್ಸೆಂಟ್ ಜೂಮ್ ಮಾಡಿ, ಕತ್ತಲೆ ಮೂಲೆಯೊಂದನ್ನು ಹುಡುಕಿ ತೀರ್ಪು ಕೊಟ್ಟು ಮುಗಿಸಿರುತ್ತಾರೆ. ಮತ್ತೆ ನನ್ನ ಹತ್ತಿರ ಬಂದದ್ದು ಯಾಕೆ ಅಂತ ಕೇಳುವುದನ್ನು ಈಗ ಬಿಟ್ಟಿದ್ದೇನೆ.

ಕಳೆದ ಚಳಿಗಾಲದಲ್ಲಿ ಕುಮಟಾ ಕಡೆಯ ಹುಡುಗನೊಬ್ಬ ಬಂದಿದ್ದ. ಮದುವೆ, ಹೋಮ್‌ಸ್ಟೇ ಶೂಟ್ ಮಾಡುವವನು. ಕೈ ಚೆನ್ನಾಗಿದೆ, ತಾಳ್ಮೆ ಕಮ್ಮಿ. ಸಾಣಿಕಟ್ಟಾದ ಉಪ್ಪಿನ ಆಗರದ ಮೇಲೆ ಮುಸ್ಸಂಜೆಯಲ್ಲಿ ತನ್ನ ಚಿಕ್ಕ ಡ್ರೋನು ಮಿನಿ 3 ಪ್ರೊ, ಗೆಳೆಯನ ದೊಡ್ಡ ಡ್ರೋನು ಮ್ಯಾವಿಕ್ 3 ಎರಡನ್ನೂ ಹಾರಿಸಿ ಒಂದೇ ನೋಟ ತೆಗೆದಿದ್ದ. ಎರಡರಲ್ಲೂ ಶಟರ್ 1/30 ಸೆಕೆಂಡ್. ಮಿನಿ 48 ಮೆಗಾಪಿಕ್ಸೆಲ್ ಮೋಡ್‌ನಲ್ಲಿ, ಐಎಸ್‌ಒ (ಸಿಕ್ಕ ಬೆಳಕನ್ನು ಎತ್ತಿ ತೋರಿಸುವ ಮಟ್ಟ) 150. ಮ್ಯಾವಿಕ್ 20 ಮೆಗಾಪಿಕ್ಸೆಲ್, ಐಎಸ್‌ಒ 400. ಜೂಮ್ ಮಾಡಿದರೆ ಮಿನಿಯ ಆಗರದ ಬದುಗಳ ಮೇಲೆಲ್ಲ ರವೆ ಚೆಲ್ಲಿದ ಹಾಗೆ. "ಇದನ್ನ ಮಾರ್ತೆ ಅಣ್ಣಾ, ಸಾಲ ಮಾಡಾದ್ರೂ ಮ್ಯಾವಿಕ್ ತಗಳ್ತೆ" ಅಂದ.

"ತಡ್ಯೋ ತಮಾ" ಅಂದೆ.

ಮಿನಿಯ ಆ ಫೈಲಿನ ಅಗಲ 8064 ಪಿಕ್ಸೆಲ್, ಮ್ಯಾವಿಕ್‌ನದ್ದು 5280. ನೂರು ಪರ್ಸೆಂಟ್‌ನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಿನಿಯದ್ದನ್ನು ಒಂದೂವರೆ ಪಟ್ಟು ಹಿಗ್ಗಿಸಿ ನೋಡಿದ ಹಾಗಾಯಿತು. ಒಬ್ಬನ ಚಾಲಿ ಅಡಿಕೆಯನ್ನು ರಾಶಿಯಾಗಿ ನೋಡಿ, ಇನ್ನೊಬ್ಬನದ್ದರಲ್ಲಿ ಒಂದೇ ಅಡಿಕೆ ಎತ್ತಿ ಭೂತಗನ್ನಡಿ ಹಿಡಿದರೆ ಯಾವ ವ್ಯಾಪಾರಿ ಒಪ್ಪುತ್ತಾನೆ? ಎರಡನ್ನೂ ಒಂದೇ ಅಳತೆಗೆ ಇಳಿಸಬೇಕು. ನಾಲ್ಕು ಪಿಕ್ಸೆಲ್ ಸೇರಿ ಒಂದಾದರೆ ಅಲ್ಲಿನ ನಾಯ್ಸ್ ಸುಮಾರು ಅರ್ಧಕ್ಕೆ ಬರುತ್ತದೆ. ನಾನು ಎರಡನ್ನೂ 4000 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಹೆಸರು ಮುಚ್ಚಿ, ಯಾವುದು ಯಾವುದು ಅಂತ ಕೇಳಿದೆ. ಎರಡು ಸಲ ಹೇಳಿದ, ಎರಡು ಸಲವೂ ಬೇರೆ ಬೇರೆ ಹೇಳಿದ.

ಆಗ ಸಿಟ್ಟು ಬಂದದ್ದು ಜೊತೆಗಿದ್ದ ಗೆಳೆಯನಿಗೆ. ಅಷ್ಟು ದುಡ್ಡು ಕೊಟ್ಟ ದೊಡ್ಡ ಸೆನ್ಸರ್, ಬೆಳಕು ಹಿಡಿಯುವ ಆ ಫಲಕ, ಸುಮ್ಮನೇನಾ?

ಸುಮ್ಮನೆ ಅಲ್ಲ. ಮುಂಗಾರಿನ ಮೊದಲ ಹನಿ ಬೀಳುವಾಗ ಮಣ್ಣಂಗಳ ನೋಡಿದ್ದೀರಲ್ಲ, ಒಂದು ಕಡೆ ಒದ್ದೆ, ಪಕ್ಕದಲ್ಲೇ ಒಣ, ಎಲ್ಲ ಚುಕ್ಕೆ ಚುಕ್ಕೆ. ಹತ್ತು ನಿಮಿಷ ಸುರಿದರೆ ಅಂಗಳವೆಲ್ಲ ಒಂದೇ ಬಣ್ಣ. ನಾಯ್ಸ್‌ನ ಬಹುಪಾಲು ಇದೇ: ಬೆಳಕು ಸಾಕಷ್ಟು ಬೀಳದ್ದು. ಐಎಸ್‌ಒ ಏರಿಸಿದರೆ ಮಳೆ ಜಾಸ್ತಿ ಬರುವುದಿಲ್ಲ, ಬಿದ್ದಷ್ಟನ್ನು ಎತ್ತಿ ತೋರಿಸುತ್ತದೆ, ಅಷ್ಟೆ. ಮ್ಯಾವಿಕ್ 3ರ ಸೆನ್ಸರ್ ವಿಸ್ತೀರ್ಣ ಮಿನಿಯದ್ದಕ್ಕಿಂತ ಮೂರು ಪಟ್ಟಿಗೂ ಮಿಕ್ಕಿದ್ದು. ಆದರೆ ಅದರ ಲೆನ್ಸು ಎಫ್/2.8, ಮಿನಿಯದ್ದು ಎಫ್/1.7; ಈ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಒಂದೇ ಶಟರ್‌ನಲ್ಲಿ ಮಿನಿಯ ಲೆನ್ಸು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 2.7 ಪಟ್ಟು ಬೆಳಕು ಸುರಿಯುತ್ತದೆ. ಅಂಗಳ ದೊಡ್ಡದು ಆದರೆ ಮಳೆ ತೆಳು, ಅಂಗಳ ಚಿಕ್ಕದು ಆದರೆ ಮಳೆ ಜೋರು. ಒಟ್ಟು ನೀರು ಹೆಚ್ಚುಕಮ್ಮಿ ಸಮ. ಈ ಹುಡುಗರಿಗೆ ಸಿಕ್ಕಿದ್ದು ಅದೇ.

ದೊಡ್ಡ ಸೆನ್ಸರಿನ ಕೈಚಳಕ ನೋಡಬೇಕಾದರೆ ಎರಡನ್ನೂ ಐಎಸ್‌ಒ 100ಕ್ಕೆ ಇಳಿಸಿ, ಆಕಾಶ ಸುಟ್ಟುಹೋಗದಷ್ಟು ಶಟರ್ ಉದ್ದ ಮಾಡಿ. ಈ ಹುಡುಗರ ಮುಸ್ಸಂಜೆ ಬೆಳಕಿಗೆ ಮ್ಯಾವಿಕ್‌ಗೆ 1/8 ಬೇಕಾಗುತ್ತದೆ, ಅಂದರೆ ದೊಡ್ಡ ಅಂಗಳದ ಮೇಲೆ ಮಳೆ ಹೆಚ್ಚು ಹೊತ್ತು ಸುರಿದ ಹಾಗೆ. ಸುಮಾರು 900 ಗ್ರಾಂ ತೂಕದ್ದು, ಕಡಲ ಗಾಳಿಗೆ ಒಂದಿಷ್ಟು ತಡೆದು ನಿಲ್ಲುತ್ತದೆ. 249 ಗ್ರಾಮಿನ ಮಿನಿ ಗಾಳಿಗೆ ಓಲಾಡೀತು, ನಾಲ್ಕೈದು ಸಲ ಕ್ಲಿಕ್ ಮಾಡಿ ಸ್ಪಷ್ಟ ಬಂದದ್ದನ್ನು ಆರಿಸಿಕೊಳ್ಳಿ.

ಫೋಟೊ ತಿದ್ದುವ ಲೈಟ್‌ರೂಮ್ ತಾನಾಗಿಯೇ ಬಣ್ಣದ ನಾಯ್ಸ್ ಒಂದಿಷ್ಟು ಒರೆಸಿರುತ್ತದೆ, ಅದನ್ನು ಸೊನ್ನೆಗೆ ತನ್ನಿ. ಮೂಲೆಗಳನ್ನಂತೂ ಹೋಲಿಸಲೇಬೇಡಿ, ಲೆನ್ಸಿನ ಮಬ್ಬು ಸರಿಮಾಡಲು ಅಲ್ಲಿ ಬೆಳಕು ಎತ್ತಿರುತ್ತಾರೆ, ಬೆಳಕಿನ ಜೊತೆ ಚುಕ್ಕೆಯೂ ಏಳುತ್ತದೆ. ಇಷ್ಟಾದರೂ ನಿಮ್ಮ ಡ್ರೋನು ನನ್ನ ಲೆಕ್ಕದಂತೆಯೇ ನಡೆಯುತ್ತದೆ ಅಂತ ಬರೆದುಕೊಡಲಾರೆ, ಒಂದೊಂದು ಲೆನ್ಸಿನದ್ದು ಒಂದೊಂದು ಗುಣ. ಇನ್ನು ಟೆಸ್ಟಿಗೆ ಅಂತ ಕಾರವಾರದ ನೌಕಾನೆಲೆ ಕಡೆ, ಕೈಗಾ ಕಡೆ ಏರಿಸಲು ಹೋಗಬೇಡಿ ಮಾರಾಯ್ರೆ. 250 ಗ್ರಾಂ ಒಳಗಿನದ್ದಕ್ಕೆ ಪೈಲಟ್ ಲೈಸೆನ್ಸ್ ಬೇಡ ಅಂದಮಾತ್ರಕ್ಕೆ ಅನುಮತಿಯಿಲ್ಲದೆ ಹಾರಿಸಬಾರದ ಕೆಂಪು ವಲಯ ಹಸಿರಾಗುವುದಿಲ್ಲ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಹೊರಡಿ.

ಹುಡುಗರು ಮಾರನೇ ವಾರ ಮತ್ತೆ ಬಂದರು. ಈ ಸಲ ಐಎಸ್‌ಒ 100. ನೆರಳಿನ ಬೆಳಕು ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಎತ್ತಿದರೂ ಮ್ಯಾವಿಕ್‌ನಲ್ಲಿ ಬದುವಿನ ಹುಲ್ಲು ಹುಲ್ಲಾಗಿಯೇ ಇತ್ತು, ಮಿನಿಯಲ್ಲಿ ಹಸಿರು ಹಿಟ್ಟಾಗಿತ್ತು. ಗೆಳೆಯನ ಮುಖ ಅರಳಿತು.

"ನಿನ್ನ ಆಲ್ಬಮ್ ಶೀಟು ಎಷ್ಟು?" ಅಂತ ಹುಡುಗನಿಗೆ ಕೇಳಿದೆ.

"12 ಇಂಟು 36 ಇಂಚು. ಆದ್ರೆ ಹೋಮ್‌ಸ್ಟೇಯವರು ಗೋಡೆಗೆ ಆರಡಿ ಪ್ರಿಂಟ್ ಕೇಳಿದಾರೆ ಅಣ್ಣಾ."

"ಆಲ್ಬಮ್ಮಿಗೆ ನಿನ್ನದೇ ಸಾಕು. ಗೋಡೆಯದ್ದೊಂದಕ್ಕೆ ಇವನದ್ದೇ ಬಾಡಿಗೆಗೆ ತಗೋ."

ಗೆಳೆಯ ದಿನದ ಬಾಡಿಗೆ ಎಷ್ಟೆಂದು ಆಗಲೇ ಹೇಳಿಬಿಟ್ಟ. ಚೌಕಾಸಿ ಮೆಟ್ಟಿಲಿಳಿಯುವವರೆಗೂ ಕೇಳುತ್ತಿತ್ತು.