ಮಳೆಗಾಲ ಕಳೆಯುವಷ್ಟರಲ್ಲಿ ಆಲ್ಬಂ ಹಾಳೆಗಳು ಹಪ್ಪಳವಾಗುವುದೇಕೆ?

ಪ್ರಶ್ನೆ: ನಾನು ಮಡಿಕೇರಿ ಸಮೀಪದ ಹಳ್ಳಿಯವಳು. ಅಜ್ಜ ಅಜ್ಜಿಯ ಮದುವೆಯ ಐವತ್ತನೆಯ ವರ್ಷಕ್ಕೆಂದು ಕಳೆದ ಜೂನ್‌ನಲ್ಲಿ ಕೈಯಾರೆ ಒಂದು ಸ್ಕ್ರ್ಯಾಪ್‌ಬುಕ್ ಮಾಡಿದೆ. ಫೋಟೋಗಳನ್ನು ಅಂಟಿಸಿ, ಸುತ್ತಲೂ ಕಾಗದದ ಹೂ ಮತ್ತು ಒಣಗಿದ ಎಲೆಗಳಿಂದ ಅಲಂಕರಿಸಿ, ಕೆಳಗೆ ಅಜ್ಜಿಯ ಕೈಯಲ್ಲೇ ನಾಲ್ಕು ಸಾಲು ಬರೆಸಿದ್ದೆ. ಮಳೆಗಾಲ ಮುಗಿದ ಮೇಲೆ ಬರುವ ನಮ್ಮ ಸುಗ್ಗಿಹಬ್ಬ ಹುತ್ತರಿಗೆ ಮನೆಮಂದಿಯೆಲ್ಲ ಸೇರಿದಾಗ ತೆರೆದು ನೋಡಿದರೆ ಹಾಳೆಗಳು ಹಪ್ಪಳದಂತೆ ಎದ್ದಿದ್ದವು. ಅಲ್ಲಲ್ಲಿ ಬೂಷ್ಟು ಹಿಡಿದಿತ್ತು. ಯಾವ ಗೋಂದು ಬಳಸಿದರೆ ಹೀಗಾಗುವುದಿಲ್ಲ?

ಉತ್ತರ: ನೀವು ಆಲ್ಬಂ ಕಟ್ಟಿದ್ದು ಜೂನ್ ತಿಂಗಳಲ್ಲಿ ಎಂಬ ಮಾತಿನಲ್ಲೇ ಉತ್ತರದ ಅರ್ಧ ಭಾಗ ಇದೆ. ಹಾಳೆಗಳನ್ನು ಕೆಡಿಸಿದ್ದು ನೀರು. ಆ ನೀರಿನ ಒಂದು ಪಾಲು ಗಾಳಿಯಿಂದ ಬಂತು. ಇನ್ನೊಂದು ಪಾಲನ್ನು ಗೋಂದಿನ ರೂಪದಲ್ಲಿ ನೀವೇ ಹಾಳೆಯೊಳಗೆ ಇಳಿಸಿದಿರಿ. ಹೀಗಾಗಿ ಕೊಡಗಿನಲ್ಲಿ ಕುಳಿತು ಆಲ್ಬಂ ಮಾಡುವವರಿಗೆ ನಾನು ಯಾವ ಗೋಂದಿನ ಹೆಸರನ್ನೂ ಮೊದಲು ಹೇಳುವುದಿಲ್ಲ. ಫೋಟೋವನ್ನು ಅಂಟಿಸದೆ ಸಿಕ್ಕಿಸಿ, ಅಂಟಿಸಲೇಬೇಕಾದುದನ್ನು ಒಣ ಹವೆಯ ತಿಂಗಳುಗಳಲ್ಲಿ ಅಂಟಿಸಿ ಎನ್ನುತ್ತೇನೆ.

ಕಾಗದ ಎಂದರೆ ಒಂದರ ಮೇಲೊಂದು ಹೆಣೆದುಕೊಂಡ ನಾರುಗಳು. ನಾರು ತೇವ ಹೀರಿದಾಗ ಉದ್ದಕ್ಕೆ ಬೆಳೆಯುವುದು ತೀರ ಕಡಿಮೆ, ಅಡ್ಡಕ್ಕೆ ಉಬ್ಬುವುದು ಹೆಚ್ಚು. ಯಂತ್ರದಲ್ಲಿ ತಯಾರಾದ ಕಾಗದದಲ್ಲಿ ಬಹುಪಾಲು ನಾರುಗಳು ಯಂತ್ರ ಓಡುವ ದಿಕ್ಕಿಗೇ ಮಲಗಿರುವುದರಿಂದ ಹಾಳೆ ಒಂದು ದಿಕ್ಕಿಗೆ ಹೆಚ್ಚಾಗಿ ಹಿಗ್ಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಮಡಿಕೇರಿಯಲ್ಲಿ ಜುಲೈ, ಆಗಸ್ಟ್ ತಿಂಗಳ ಗಾಳಿಯ ತೇವಾಂಶ ಶೇ. 90ನ್ನು ದಾಟುವುದು ಮಾಮೂಲು. ಬೂಷ್ಟು ಬೆಳೆಯುವುದಕ್ಕಾದರೋ ಶೇ. 65ರಿಂದ 70ರಷ್ಟಿದ್ದರೂ ಸಾಕು. ಇನ್ನು ಇಂದಿನ ಫೋಟೋ ಲ್ಯಾಬಿನ ಕಾಗದಕ್ಕೆ ಎರಡೂ ಮಗ್ಗುಲಲ್ಲಿ ಪಾಲಿಥಿನ್‌ನ ತೆಳು ಲೇಪ ಇರುವುದರಿಂದ ಅದು ಅಷ್ಟಾಗಿ ಹಿಗ್ಗುವುದಿಲ್ಲ. ಕೆಳಗಿನ ಹಾಳೆ ಹಿಗ್ಗಬೇಕೆನ್ನುತ್ತದೆ, ಮೇಲಿನ ಫೋಟೋ ಬಿಡುವುದಿಲ್ಲ. ಈ ಜಗ್ಗಾಟದ ಗುರುತೇ ಫೋಟೋದ ಸುತ್ತ ನೀವು ಕಂಡ ಅಲೆಗಳು. ಬಿಳಿ ಗೋಂದಿನಲ್ಲಿ ಸರಿಸುಮಾರು ಅರ್ಧದಷ್ಟು ನೀರೇ ಇರುತ್ತದೆ, ಮೈದಾ ಅಂಟಿನಲ್ಲಿ ಅದಕ್ಕಿಂತಲೂ ಹೆಚ್ಚು. ಫೋಟೋದ ಹಿಂಬದಿಗೆಲ್ಲ ಅದನ್ನು ಬಳಿದರೆ, ಹೊರಗೆ ಮಳೆ ಹೊಯ್ಯುತ್ತಿರುವಾಗ ಒಳಗಿನ ನೀರು ಆರಿಹೋಗಲು ದಾರಿಯೇ ಇರುವುದಿಲ್ಲ.

ಹಾಳೆಯ ನಾರು ಯಾವ ದಿಕ್ಕಿಗಿದೆ ಎಂದು ತಿಳಿಯುವುದು ಸುಲಭ. ಹಾಳೆಯನ್ನು ಮಡಿಕೆ ಬೀಳದಂತೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಒಂದು ಕಡೆ ಅದು ಸಲೀಸಾಗಿ ಬಗ್ಗುತ್ತದೆ, ಇನ್ನೊಂದು ಕಡೆ ಪುಟಿದು ನಿಲ್ಲುತ್ತದೆ. ಸಲೀಸಾಗಿ ಬಗ್ಗಿದಾಗ ಬಾಗು ಯಾವ ಗೆರೆಯಲ್ಲಿ ಬಿತ್ತೋ ನಾರು ಆ ಗೆರೆಗೆ ಸಮಾಂತರವಾಗಿದೆ ಎಂದರ್ಥ. ಆ ದಿಕ್ಕು ಆಲ್ಬಂನ ಬೆನ್ನಿಗೆ ಸಮಾಂತರವಾಗಿರುವಂತೆ ಹಾಳೆಗಳನ್ನು ಕತ್ತರಿಸಿಕೊಳ್ಳಿ. ಎರಡು ಕಾಗದಗಳನ್ನು ಒಂದರ ಮೇಲೊಂದು ಅಂಟಿಸುವುದಿದ್ದರೆ ಎರಡರ ನಾರೂ ಒಂದೇ ಕಡೆಗಿರಬೇಕು. ಕೈಯಿಂದ ಎತ್ತಿದ ಹತ್ತಿ ಚಿಂದಿಯ ಕಾಗದದಲ್ಲಿ ನಾರುಗಳು ಎಲ್ಲ ದಿಕ್ಕಿಗೂ ಚೆದುರಿರುವುದರಿಂದ ಈ ತಲೆನೋವು ಕಡಿಮೆ. ಕೊಂಚ ಬೆಲೆ ಹೆಚ್ಚಾದರೂ ನಮ್ಮ ಹವೆಗೆ ಅದೇ ಮೇಲು ಎಂಬುದು ನನ್ನ ಅನುಭವ. ಯಂತ್ರದ ಕಾಗದವನ್ನೇ ಕೊಳ್ಳುವುದಾದರೆ ತೆಳುವಾದ ಚಾರ್ಟ್ ಪೇಪರ್ ಬೇಡ, 200ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ದಪ್ಪದ, ಆಮ್ಲರಹಿತ ಎಂದು ನಮೂದಿಸಿದ ಹಾಳೆಯನ್ನು ಕೇಳಿ.

ಈಗ ಸಿಕ್ಕಿಸುವ ವಿಷಯ. ಫೋಟೋದ ನಾಲ್ಕು ಮೂಲೆಗಳನ್ನು ಹಿಡಿಯುವ ತ್ರಿಕೋನಗಳು ಅಂಗಡಿಯಲ್ಲಿ ಸಿಗುತ್ತವೆಯಾದರೂ ಮನೆಯಲ್ಲಿ ಮಾಡಿಕೊಳ್ಳುವುದು ಐದು ನಿಮಿಷದ ಕೆಲಸ. ನಾಲ್ಕು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲದ ಒಂದು ಪಟ್ಟಿಯನ್ನು ಮುಂದೆ ಅಡ್ಡಲಾಗಿ ಇಟ್ಟುಕೊಳ್ಳಿ. ಅದರ ಮೇಲಿನ ಎಡಮೂಲೆಯನ್ನು ಕೆಳ ಅಂಚಿನ ನಟ್ಟನಡುವಿಗೆ ತಂದು ಮಡಿಸಿ. ಬಲಮೂಲೆಯನ್ನೂ ಹಾಗೆಯೇ ತನ್ನಿ. ಎರಡು ರೆಕ್ಕೆಗಳು ನಡುಗೆರೆಯಲ್ಲಿ ಒಂದನ್ನೊಂದು ಮುಟ್ಟಿ, ತಲೆ ಚೂಪಾದ, ಬುಡ ತೆರೆದಿರುವ ಪುಟ್ಟ ಜೇಬೊಂದು ಆಗುತ್ತದೆ. ಫೋಟೋದ ಮೂಲೆಯನ್ನು ಅದರೊಳಗೆ ತೂರಿಸಿ, ಜೇಬಿನ ಬೆನ್ನಿಗೆ ಮಾತ್ರ ಬೇಳೆಕಾಳಿನಷ್ಟು ಅಂಟು ಹಚ್ಚಿ ಹಾಳೆಯ ಮೇಲೆ ಒತ್ತಿ. ಒತ್ತುವಾಗ ಫೋಟೋ ಒಂದು ಕೂದಲೆಳೆಯಷ್ಟು ಆಚೀಚೆ ಆಡುವಂತಿರಬೇಕು. ಬಿಗಿಯಾಗಿ ಹಿಡಿದರೆ ಅಂಟಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಮುಂದೆ ಬೇಕೆನಿಸಿದಾಗ ಫೋಟೋ ಹೊರತೆಗೆದು ಹಿಂದೆ ಬರೆದ ಹೆಸರುಗಳನ್ನು ಓದಬಹುದು ಎಂಬುದು ಇದರ ಇನ್ನೊಂದು ಲಾಭ. ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಅಂಗಳದಲ್ಲಿ ನಲವತ್ತು ಮಂದಿ ಸಾಲಾಗಿ ನಿಂತ ಹಳೆಯ ಗುಂಪುಚಿತ್ರಗಳಿಗೆ ಇದೊಂದೇ ಕಾರಣ ಸಾಕು.

ಅಂಟಿಗಾಗಿ ಒಣ ಗೋಂದುಕಡ್ಡಿ ಆದೀತು, ಇಲ್ಲವೆ ಫೋಟೋಗೆಂದೇ ತಯಾರಿಸಿದ ಆಮ್ಲರಹಿತ ಎರಡುಬದಿ ಟೇಪು. ಸೆಲ್ಲೋಟೇಪು ಮತ್ತು ರಬ್ಬರ್ ಮೂಲದ ಅಂಟುಗಳು ಕೆಲವೇ ವರ್ಷಗಳಲ್ಲಿ ಹಳದಿ ಕಲೆ ಬಿಟ್ಟು ತಾವು ಉದುರಿಹೋಗುತ್ತವೆ.

ಅಂಟಿನ ಇತಿಹಾಸದಲ್ಲೊಂದು ತಮಾಷೆಯ ಸಂಗತಿಯಿದೆ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1873ರಲ್ಲಿ ತಾನೇ ಅಂಟಿಕೊಳ್ಳುವ ಸ್ಕ್ರ್ಯಾಪ್‌ಬುಕ್ಕಿಗೆ ಪೇಟೆಂಟ್ ಪಡೆದಿದ್ದ. ಹಾಳೆಗಳಿಗೆ ಮೊದಲೇ ಗೋಂದು ಬಳಿದು ಒಣಗಿಸಿರುತ್ತಿದ್ದರು. ಕೊಂಡವರು ಬೇಕಾದ ಕಡೆ ನೀರು ಸವರಿ ಪತ್ರಿಕೆಯ ತುಣುಕನ್ನು ಒತ್ತಿದರೆ ಮುಗಿಯಿತು. ಆ ಪುಸ್ತಕವನ್ನು ಮಳೆ ಜೋರಾಗಿ ಸುರಿಯುವ ನಮ್ಮ ಕೊಡಗಿನ ಭಾಗಮಂಡಲದಲ್ಲಿ ಒಂದು ಮಳೆಗಾಲ ಇಟ್ಟಿದ್ದರೆ ನೀರು ಸವರುವ ಶ್ರಮವೂ ತಪ್ಪುತ್ತಿತ್ತು, ಪುಸ್ತಕ ತೆರೆಯುವ ಶ್ರಮವೂ ತಪ್ಪುತ್ತಿತ್ತು.

ಅಲಂಕಾರದಲ್ಲಿ ನಾನೇ ಕೆಟ್ಟು ಕಲಿತ ಪಾಠವೊಂದನ್ನು ಹೇಳಬೇಕು. ಬಂಧುವೊಬ್ಬರ ಮದುವೆಯ ಪುಟಕ್ಕೆ, ಕೊಡವ ಗಂಡಸರ ನಿಲುವಂಗಿಯಾದ ಕುಪ್ಯದ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ಪಟ್ಟಿ ಚೇಲೆಯನ್ನು ನೆನಪಿಸುವಂತೆ, ಕೆಂಪು ಕ್ರೇಪ್ ಕಾಗದವನ್ನು ನೆರಿಗೆ ಹಿಡಿದು ಫೋಟೋದ ಕೆಳಗೆ ಅಂಟಿಸಿದ್ದೆ; ಅಂಚಿಗೆ ಚಿನ್ನದ ಬಣ್ಣದ ಎಳೆಯನ್ನೂ ಎಳೆದಿದ್ದೆ. ಸೆಪ್ಟೆಂಬರ್‌ನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ಹೊತ್ತಿಗೆ ಕ್ರೇಪಿನ ಬಣ್ಣ ತೇವದಲ್ಲಿ ಬಿಟ್ಟುಕೊಂಡು ಫೋಟೋದ ಅಂಚಿಗೆ ಹತ್ತಿ, ಮದುಮಗನ ಬಿಳಿ ಕುಪ್ಯದ ತುದಿಯಲ್ಲಿ ಎಲೆಯಡಿಕೆ ಉಗುಳಿದಂತೆ ಕಲೆ ಮೂಡಿತ್ತು. ಅಂದಿನಿಂದ ಯಾವುದೇ ಬಣ್ಣದ ಕಾಗದವನ್ನು ಬಳಸುವ ಮುನ್ನ ಅದರ ಚೂರೊಂದನ್ನು ಒದ್ದೆ ಬಿಳಿ ಬಟ್ಟೆಯ ನಡುವೆ ಇಟ್ಟು, ಮೇಲೆ ಭಾರ ಹೇರಿ, ರಾತ್ರಿಯಿಡೀ ಬಿಡುತ್ತೇನೆ. ಬಟ್ಟೆಗೆ ಬಣ್ಣ ಹತ್ತಿದರೆ ಆ ಕಾಗದ ಮಕ್ಕಳ ಆಟಕ್ಕೆ. ಸ್ಕೆಚ್ ಪೆನ್ನಿಗೂ ಇದೇ ನ್ಯಾಯ. ಬರೆಯಲು ಪಿಗ್ಮೆಂಟ್ ಶಾಯಿಯ, ಅಂದರೆ ನೀರಿನಲ್ಲಿ ಕರಗದ ಬಣ್ಣದ ಕಣಗಳಿರುವ ಶಾಯಿಯ, ಪೆನ್ನು ಒಳ್ಳೆಯದು. ನೀರಿಗೂ ಬೆಳಕಿಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ.

ಹಾಳೆಗೆ ಹಳೆಯ ಕಾಲದ ಕಳೆ ಬರಲೆಂದು ಕಾಫಿ ಡಿಕಾಕ್ಷನ್‌ನಲ್ಲಿ ಅದ್ದುವ ರೂಢಿ ಈಗ ಎಲ್ಲೆಡೆ ಇದೆ. ಕಾಫಿಯ ನಾಡಿನಲ್ಲಿ ಅದು ಇನ್ನಷ್ಟು ಸಹಜ. ನೋಡಲು ಚೆಂದವೇ. ಆದರೆ ಕಾಫಿ ಆಮ್ಲೀಯ ದ್ರವ, ಆಮ್ಲವೇ ಕಾಗದವನ್ನು ಕಾಲಕ್ರಮದಲ್ಲಿ ಕಂದಿಸಿ ಪುಡಿಯಾಗಿಸುವುದು. ಶುಭಾಶಯ ಪತ್ರಕ್ಕೋ ಆಲ್ಬಂನ ಹೊರಹೊದಿಕೆಗೋ ಕಾಫಿಬಣ್ಣದ ಕಾಗದ ಇರಲಿ, ಫೋಟೋಗೆ ತಾಗುವಲ್ಲಿ ಬೇಡ. ವೃತ್ತಪತ್ರಿಕೆಯ ತುಣುಕುಗಳೂ ಇದೇ ಜಾತಿಗೆ ಸೇರಿದವು. ಅವುಗಳ ಮತ್ತು ಬಸ್ ಟಿಕೆಟ್ಟಿನಂಥ ಶಾಖಮುದ್ರಣದ ಚೀಟಿಗಳ ಜೆರಾಕ್ಸ್ ಪ್ರತಿಯನ್ನು ಒಳ್ಳೆಯ ಕಾಗದದ ಮೇಲೆ ತೆಗೆದು ಬಳಸಿ, ಏಕೆಂದರೆ ಅಂಥ ಚೀಟಿಯ ಅಕ್ಷರಗಳು ತಾವಾಗಿಯೇ ಮಾಸಿಹೋಗುತ್ತವೆ.

ಒಣ ಎಲೆ, ಹೂಗಳಲ್ಲಿ ನಮ್ಮ ತೋಟಗಳು ಕೊಡುವ ಅತ್ಯುತ್ತಮ ವಸ್ತು ಸಿಲ್ವರ್ ಓಕಿನ ಎಲೆ. ಜರಿಗಿಡದಂತೆ ಸೀಳಿರುವ, ಬೆನ್ನಿಗೆ ಬೆಳ್ಳಿಬಣ್ಣ ಬಳಿದಂತಿರುವ ಈ ಎಲೆ ಚಪ್ಪಟೆಯಾಗಿ ಒಣಗುತ್ತದೆ, ಬೆನ್ನನ್ನು ಮೇಲಾಗಿಸಿ ಇಟ್ಟರೆ ಪುಟಕ್ಕೆ ಬೇರೆ ಅಲಂಕಾರವೇ ಬೇಡ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ವಾರ ಹತ್ತು ದಿನಕ್ಕೆ ಅರಳುವ ಕಾಫಿ ಹೂವನ್ನು ಒಣಗಿಸಲು ಎಲ್ಲರೂ ಆಸೆಪಡುತ್ತಾರೆ. ನಾನೂ ಹಲವು ಸಲ ಯತ್ನಿಸಿದ್ದೇನೆ. ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಬಿಳಿಯ ಹೂವೇ ಬೇಕೆಂದಿದ್ದರೆ ತೆಳು ಹ್ಯಾಂಡ್‌ಮೇಡ್ ಕಾಗದದಲ್ಲಿ ಉದ್ದನೆಯ ದಳಗಳನ್ನು ಕತ್ತರಿಸಿ, ಹೆಣಿಗೆ ಕಡ್ಡಿಯ ಮೇಲೆ ಹೊರಳಿಸಿ ಬಾಗಿಸಿ, ರೆಂಬೆಯ ಗೆಣ್ಣುಗಳಲ್ಲಿ ಗೊಂಚಲಾಗಿ ಕೂಡಿಸುವುದೇ ವಾಸಿ. ಎಲೆಗಳನ್ನು ಹಳೆಯ ಪತ್ರಿಕೆಗಳ ನಡುವೆ ಭಾರದಡಿ ಇಟ್ಟು, ಮೊದಲ ವಾರ ದಿನವೂ ಪತ್ರಿಕೆ ಬದಲಿಸುತ್ತ, ಎರಡು ಮೂರು ವಾರ ಬಿಡಬೇಕು. ಕೈಯಲ್ಲಿ ಹಿಡಿದಾಗ ತಣ್ಣಗೆನಿಸಿದರೆ ಇನ್ನೂ ತೇವ ಇದೆ ಎಂದು ತಿಳಿಯಿರಿ. ಹುತ್ತರಿಯ ಕದಿರನ್ನು ಪುಟದಲ್ಲಿ ಇಡುವವರು ಕಾಳನ್ನು ಉದುರಿಸಿ ಬರಿಯ ತೆನೆಕಡ್ಡಿಯನ್ನು ಇಡುವುದು ಕ್ಷೇಮ, ಇಲ್ಲವಾದರೆ ಹುಳು ಬಂದೀತು.

ಹುಳುವಿನ ಮಾತಿಗೆ ಇನ್ನೊಂದು ಎಚ್ಚರಿಕೆ. ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವುದುಂಟು, ಮತ್ತು ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ನಮ್ಮ ತೋಟದ ಮನೆಗಳಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಹುಳು ದೂರವಾಗುವುದು ನಿಜ. ಆದರೆ ತಾಮ್ರದ ಲವಣ ಕಾಗದದ ನಾರನ್ನು ಬೇಗ ಶಿಥಿಲಗೊಳಿಸುತ್ತದೆ, ಅಲ್ಲದೆ ಅದು ವಿಷ. ಮಕ್ಕಳು ಎಂಜಲು ಬೆರಳಿನಿಂದ ತಿರುವಿಹಾಕುವ ಆಲ್ಬಂಗೆ ಅದು ಸಲ್ಲದು.

ಅಲಂಕಾರದಿಂದ ಆಲ್ಬಂನ ಬಾಯಿ ಕಪ್ಪೆಯಂತೆ ತೆರೆದುಕೊಳ್ಳದಿರಲು ಹೊಲಿಯುವಾಗ ಪ್ರತಿ ಎರಡು ಹಾಳೆಗಳ ನಡುವೆ, ಬೆನ್ನಿನ ಕಡೆ, ಎರಡು ಬೆರಳಗಲದ ದಪ್ಪ ಕಾಗದದ ಪಟ್ಟಿಯನ್ನು ಸೇರಿಸಿ. ಎದುರುಬದುರಾದ ಫೋಟೋಗಳ ನಡುವೆ ಆಮ್ಲರಹಿತ ತೆಳು ಟಿಶ್ಯೂ ಹಾಳೆ ಇರಲಿ, ಏಕೆಂದರೆ ಫೋಟೋದ ಮೇಲ್ಮೈಯಲ್ಲಿರುವ ಜೆಲಾಟಿನ್ ತೇವದಲ್ಲಿ ಮೆತ್ತಗಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಕಿದ್ದರೆ ಪಾಲಿಪ್ರೊಪಿಲೀನ್ ಕೇಳಿ. ಗಾಢ ವಾಸನೆ ಬರುವ ಪಿವಿಸಿ ಬೇಡ.

ಕೆಲಸದ ಕಾಲವನ್ನು ಹೀಗೆ ಹಂಚಿಕೊಳ್ಳಬಹುದು: ಮಳೆಗಾಲದಲ್ಲಿ ಕತ್ತರಿಸುವುದು, ಮಡಿಸುವುದು, ಪುಟದ ನಕಾಶೆ ಹಾಕುವುದು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಂಟಿಸುವುದು, ಹೊಲಿಯುವುದು. ಮೇ ತಿಂಗಳು ಮುಗಿಯುವ ಮೊದಲೇ, ಆಲ್ಬಂ ಚೆನ್ನಾಗಿ ಒಣಗಿರುವಾಗ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್‌ನ ಪೊಟ್ಟಣಗಳೊಡನೆ ಇಡಿ. ತೇವದ ಆಲ್ಬಂನ್ನು ಮುಚ್ಚಿಟ್ಟರೆ ತೇವವನ್ನೇ ಕಾಪಿಟ್ಟಂತಾಗುತ್ತದೆ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆ ಫೋಟೋಗೆ ಒಳ್ಳೆಯದಲ್ಲ.

ಕೊನೆಗೆ, ನಿಮ್ಮ ಕೈಯಲ್ಲಿರುವ ಆಲ್ಬಂ. ಮೊದಲು ಪ್ರತಿ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ಜನವರಿಯ ಒಣ ಹವೆಯಲ್ಲಿ, ನೆರಳಿನಲ್ಲಿ, ಹಾಳೆಗಳನ್ನು ಬಿಡಿಸಿ ಹರಡಿ. ಬೂಷ್ಟು ಪೂರ್ತಿ ಒಣಗಿ ಪುಡಿಯಾದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆಯ ಕುಂಚದಿಂದ ಸವರಿ ತೆಗೆಯಿರಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆ ಒಳಗಿಳಿಯುತ್ತದೆ. ಬಿಳಿ ಗೋಂದಿನಿಂದ ಪೂರ್ತಿ ಅಂಟಿದ ಫೋಟೋವನ್ನು ಕೀಳಲು ಹೋಗಬೇಡಿ. ಅದರ ಸುತ್ತ ಒಂದು ಬೆರಳಗಲ ಬಿಟ್ಟು, ಕೆಳಗೆ ಅಜ್ಜಿ ಬರೆದ ನಾಲ್ಕು ಸಾಲನ್ನೂ ಸೇರಿಸಿಕೊಂಡು, ಹಳೆಯ ಹಾಳೆಯನ್ನೇ ಕತ್ತರಿಸಿ ತೆಗೆಯಿರಿ. ಆ ತುಣುಕನ್ನು ಎರಡು ಮೂರು ವಾರ ಭಾರದಡಿ ಇಟ್ಟು, ಹೊಸ ಪುಟದಲ್ಲಿ ಅದಕ್ಕೆ ನಾಲ್ಕು ದೊಡ್ಡ ಜೇಬುಗಳನ್ನು ಮಾಡಿ ಸಿಕ್ಕಿಸಿ.